ಹೈಪರ್‌ಬ್ಯಾರಿಕ್ ಚೇಂಬರ್‌ನೊಳಗೆ ಮಿದುಳಿನ ರಕ್ತಹರಿವು: ಯಾರಿಗೆ ಯಾವ ಮಾನಿಟರ್?

ಹೈಪರ್‌ಬ್ಯಾರಿಕ್ ಚೇಂಬರ್ ಅಂದರೆ ಒಳಗಿನ ಒತ್ತಡ ಏರಿಸಿ ಆಕ್ಸಿಜನ್ ಚಿಕಿತ್ಸೆ ಕೊಡುವ ಮುಚ್ಚಿದ ಕೋಣೆ. ಅಲ್ಲಿ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡುವಾಗ ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೊಸದಾಗಿ ಮಾನಿಟರ್ ಹಾಕಿ ನೋಡುವವರು ಗಾಬರಿಯಾಗುವುದೇ ಇಲ್ಲಿ. ಆದರೆ ಇದು ಆಗಬೇಕಾದದ್ದೇ. ಆಕ್ಸಿಜನ್ ಹೆಚ್ಚಾದರೆ ಮಿದುಳಿನ ಸಣ್ಣ ಧಮನಿಗಳು ಕುಗ್ಗುತ್ತವೆ. ಅಮೆರಿಕದಲ್ಲಿ ಲ್ಯಾಂಬರ್ಟ್‌ಸನ್ ಮತ್ತು ಸಂಗಡಿಗರು 1953ರಲ್ಲೇ ಇದನ್ನು ಮನುಷ್ಯರಲ್ಲಿ ಅಳೆದಿದ್ದರು: 1 ಎಟಿಎ ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಕೊಟ್ಟಾಗ ಹರಿವು ಸುಮಾರು 15 ಶೇಕಡಾ, 3.5 ಎಟಿಎಯಲ್ಲಿ ಸುಮಾರು 25 ಶೇಕಡಾ ಇಳಿಯಿತು. ಎಟಿಎ ಅಂದರೆ ಪೂರ್ಣ ವಾಯುಭಾರದ ಲೆಕ್ಕ. ಸಮುದ್ರಮಟ್ಟದಲ್ಲಿ ನಾವಿರುವುದು 1 ಎಟಿಎಯಲ್ಲಿ. ಇಳಿಕೆಗೆ ಕಾರಣ ಆಕ್ಸಿಜನ್, ಒತ್ತಡವಲ್ಲ. ಚೇಂಬರ್‌ನಲ್ಲಿ ಅದೇ ಒತ್ತಡಕ್ಕೆ ಏರಿಸಿ ಮಾಮೂಲಿ ಗಾಳಿ ಕೊಟ್ಟರೆ ಈ ಮಟ್ಟದ ಇಳಿಕೆ ಕಾಣುವುದಿಲ್ಲ.

ರಕ್ತ ಕಡಿಮೆ ಬಂದರೂ ಮಿದುಳಿಗೆ ಆಕ್ಸಿಜನ್ ಕೊರತೆ ಆಗುವುದಿಲ್ಲ, ಏಕೆಂದರೆ ಹಿಮೋಗ್ಲೋಬಿನ್ ಹೊರುವುದರ ಜೊತೆಗೆ ಪ್ಲಾಸ್ಮಾದಲ್ಲೂ ಆಕ್ಸಿಜನ್ ಕರಗಿ ಬರುತ್ತದೆ. ಪ್ರತಿ 1 ಮಿ.ಮೀ. ಪಾದರಸದ ಒತ್ತಡಕ್ಕೆ 100 ಮಿ.ಲೀ. ರಕ್ತದಲ್ಲಿ 0.003 ಮಿ.ಲೀ. ಆಕ್ಸಿಜನ್ ಕರಗುತ್ತದೆ. ಸಾಮಾನ್ಯ ಗಾಳಿಯಲ್ಲಿ ಇದು 0.3 ಮಿ.ಲೀ., ಲೆಕ್ಕಕ್ಕೇ ಬಾರದಷ್ಟು. 3 ಎಟಿಎ ಶುದ್ಧ ಆಕ್ಸಿಜನ್‌ನಲ್ಲಿ ಧಮನಿಯ ಆಕ್ಸಿಜನ್ 2000 ಮಿ.ಮೀ. ಹತ್ತಿರ ಹೋಗುತ್ತದೆ, ಕರಗಿದ್ದು 6 ಮಿ.ಲೀ. ಆಗುತ್ತದೆ. ಅಂದರೆ ಹರಿವಿನ ಇಳಿಕೆ ಒಂದನ್ನೇ ನೋಡಿ ಚಿಕಿತ್ಸೆ ನಿಲ್ಲಿಸಬಾರದು.

ಹಾಗಿದ್ದರೆ ಮಾನಿಟರ್ ಏಕೆ? ನಾಲ್ಕು ಸಂಗತಿಗಳಿಗಾಗಿ. ಹರಿವು ಎಣಿಸಿದ್ದಕ್ಕಿಂತ ತುಂಬ ಇಳಿದರೆ ರೋಗಿ ಜೋರಾಗಿ ಉಸಿರಾಡುತ್ತಿರಬಹುದು ಅಥವಾ ರಕ್ತದೊತ್ತಡ ಬಿದ್ದಿರಬಹುದು. ಇಳಿದ ಹರಿವು ಆಕ್ಸಿಜನ್ ನಡೆಯುತ್ತಿರುವಾಗಲೇ ತಾನಾಗಿ ಮೇಲೇರತೊಡಗಿದರೆ ಆಕ್ಸಿಜನ್ ವಿಷತ್ವ (ಆಕ್ಸಿಜನ್ ಅತಿಯಾಗಿ ಸೆಳೆತ ತರುವ ಸ್ಥಿತಿ) ಹತ್ತಿರವಾಗುತ್ತಿರಬಹುದು. ಎಡ ಬಲದ ನಡುವೆ ಹೊಸ ವ್ಯತ್ಯಾಸ ಕಂಡರೆ ಒಂದು ಬದಿಯ ಧಮನಿಯಲ್ಲಿ ತೊಂದರೆ ಇರಬಹುದು. ಮುಳುಗುಗಾರರಲ್ಲಿ ಮತ್ತು ಹೃದಯ ಶಸ್ತ್ರಚಿಕಿತ್ಸೆಯ ನಂತರ ಗಾಳಿಗುಳ್ಳೆ ಮಿದುಳಿಗೆ ಹೋಗಿರುವ ಅನುಮಾನ ಇದ್ದರೆ ಆ ಗುಳ್ಳೆಗಳು ಇನ್ನೂ ಹಾದುಹೋಗುತ್ತಿವೆಯೇ ಎಂದು ತಿಳಿಯಬೇಕು. ಈ ನಾಲ್ಕಕ್ಕೂ ಉತ್ತರ ಕೊಡುವ ಒಂದೇ ಯಂತ್ರ ಇಲ್ಲ. ಆಯ್ಕೆ ಕಷ್ಟವಾಗುವುದು ಇದರಿಂದಲೇ.

ಮೊದಲು ಚೇಂಬರ್ ಯಾವುದು ಎಂದು ನೋಡಿ

ಯಂತ್ರದ ಪಟ್ಟಿ ಹಿಡಿಯುವ ಮೊದಲೇ ಅರ್ಧ ಆಯ್ಕೆಗಳನ್ನು ಚೇಂಬರ್ ತಳ್ಳಿಹಾಕುತ್ತದೆ. ಒಬ್ಬರೇ ಮಲಗುವ ಮೊನೊಪ್ಲೇಸ್ ಚೇಂಬರ್‌ಗಳಲ್ಲಿ ಬಹುಪಾಲು ಇಡೀ ಕೊಳವೆಯನ್ನೇ ಶುದ್ಧ ಆಕ್ಸಿಜನ್‌ನಿಂದ ತುಂಬುತ್ತಾರೆ. ಅಲ್ಲಿ ಬ್ಯಾಟರಿ ಇರುವ ಯಾವ ವಸ್ತುವೂ, ಬಿಸಿಯಾಗುವ ಯಾವ ಮೋಟಾರೂ ಒಳಗೆ ಹೋಗುವಂತಿಲ್ಲ. ಯಂತ್ರ ಹೊರಗಿರಬೇಕು, ತಯಾರಕರು ಒಪ್ಪಿದ, ಅತಿ ಕಡಿಮೆ ವಿದ್ಯುತ್ ಹರಿಯುವ ಸೆನ್ಸರ್ ತಂತಿ ಮಾತ್ರ ಚೇಂಬರ್ ಗೋಡೆಯ ಪೆನೆಟ್ರೇಟರ್ (ಗಾಳಿ ಸೋರದಂತೆ ತಂತಿ ಹಾಯಿಸುವ ದಾರಿ) ಮೂಲಕ ಒಳಗೆ ಬರಬೇಕು. ಹಲವರು ಕೂರುವ ಮಲ್ಟಿಪ್ಲೇಸ್ ಚೇಂಬರ್‌ನಲ್ಲಿ ಒತ್ತಡ ಏರಿಸುವುದು ಮಾಮೂಲಿ ಗಾಳಿಯಿಂದ, ಆಕ್ಸಿಜನ್ ಬರುವುದು ಮಾಸ್ಕ್ ಅಥವಾ ತಲೆಗವಚದ ಮೂಲಕ. ಒಳಗಿನ ಗಾಳಿಯಲ್ಲಿ ಆಕ್ಸಿಜನ್ 23.5 ಶೇಕಡಾ ಮೀರದಂತೆ ಕಾಯುವುದು ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 99 ನಿಯಮ. ಬೇರೆ ದೇಶಗಳಲ್ಲೂ ಹಲವರು ಇದನ್ನೇ ಹಿಡಿಯುತ್ತಾರೆ. ಇಲ್ಲಿ ಅಟೆಂಡೆಂಟ್ ಒಳಗೇ ಇರುವುದರಿಂದ ಜಾರಿದ ಪ್ರೋಬ್ ಸರಿಪಡಿಸಬಹುದು. ಮೊನೊಪ್ಲೇಸ್‌ನಲ್ಲಿ ಪ್ರೋಬ್ ಜಾರಿತೆಂದರೆ ಆ ಅವಧಿಯ ಅಳತೆ ಅಲ್ಲಿಗೆ ಮುಗಿಯಿತು.

ಒಂದು ಮಾತು ಖಡಾಖಂಡಿತ: ತಯಾರಕರ ಲಿಖಿತ ಒಪ್ಪಿಗೆ ಮತ್ತು ನಿಮ್ಮ ಚೇಂಬರ್ ಸುರಕ್ಷತಾ ಅಧಿಕಾರಿಯ ಸಹಿ ಇಲ್ಲದೆ ಯಾವ ಸೆನ್ಸರನ್ನೂ ಒಳಗೆ ಬಿಡಬೇಡಿ. ಐಸಿಯುನಲ್ಲಿ ವರ್ಷಗಟ್ಟಲೆ ತೊಂದರೆ ಕೊಡದ ಯಂತ್ರ ಎಂಬುದು ಇಲ್ಲಿ ಯಾವ ಭರವಸೆಯೂ ಅಲ್ಲ. ಹೊಸ ಸೆನ್ಸರನ್ನು ಮೊದಲು ರೋಗಿಯಿಲ್ಲದ, ಗಾಳಿ ತುಂಬಿದ ಚೇಂಬರ್‌ನಲ್ಲಿ ಪೂರ್ಣ ಒತ್ತಡಕ್ಕೆ ಏರಿಸಿ ಇಳಿಸಿ ಪರೀಕ್ಷಿಸಿ. ಸೆನ್ಸರ್ ಒಳಗೆ ಸಿಕ್ಕಿಕೊಂಡ ಗಾಳಿಯ ಪೊಳ್ಳು ಇದ್ದರೆ ಪದರ ಬಿಟ್ಟುಕೊಳ್ಳುವುದು, ಬಿರುಕು ಬಿಡುವುದು ಆಗಲೇ ಗೊತ್ತಾಗುತ್ತದೆ.

ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್: ಹರಿವಿಗೆ ಅತಿ ಹತ್ತಿರದ ಅಳತೆ

ಟಿಸಿಡಿ ಎಂದು ಕರೆಯುವ ಈ ವಿಧಾನವನ್ನು 1982ರಲ್ಲಿ ರೂನ್ ಆಸ್‌ಲಿಡ್ ಮತ್ತು ಸಂಗಡಿಗರು ಬಳಕೆಗೆ ತಂದರು. 2 ಮೆಗಾಹರ್ಟ್ಸ್ ಅಲ್ಟ್ರಾಸೌಂಡನ್ನು ಕಪಾಲದ ತೆಳುವಾದ ಭಾಗದ ಮೂಲಕ ಕಳಿಸಿ ಮಿದುಳಿನ ದೊಡ್ಡ ಧಮನಿಗಳಲ್ಲಿ ರಕ್ತ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ಅಳೆಯುತ್ತದೆ. ಚೇಂಬರ್‌ನೊಳಗೆ, ಕ್ಷಣಕ್ಷಣಕ್ಕೂ, ಚರ್ಮ ಕೊಯ್ಯದೆ ಹರಿವಿನ ಬದಲಾವಣೆ ನೋಡಬೇಕೆಂದರೆ ನಮ್ಮ ಮೊದಲ ಆಯ್ಕೆ ಇದೇ.

ಸಾಮಾನ್ಯವಾಗಿ ಹಿಡಿಯುವುದು ಮಿಡಲ್ ಸೆರೆಬ್ರಲ್ ಧಮನಿ. ಕೆನ್ನೆಯ ಮೂಳೆಯ ಕಮಾನಿನ ಮೇಲೆ, ಕಿವಿಯ ಮುಂದೆ ಪ್ರೋಬ್ ಇಟ್ಟು, ಆಳವನ್ನು 50ರಿಂದ 55 ಮಿ.ಮೀ.ಗೆ ಹೊಂದಿಸಿ, ಪ್ರೋಬ್ ಕಡೆಗೆ ಬರುವ ಹರಿವನ್ನು ಹುಡುಕಿ. ಸಿಕ್ಕಿತು ಎಂದುಕೊಂಡದ್ದು ಅದೇ ಧಮನಿಯೇ ಎಂದು ಖಾತ್ರಿ ಮಾಡಿಕೊಳ್ಳಲು ಆಳವನ್ನು ಮೆಲ್ಲಗೆ 60–65 ಮಿ.ಮೀ.ಗೆ ಹೆಚ್ಚಿಸಿ, ಕವಲು ಒಡೆಯುವಲ್ಲಿ ಪ್ರೋಬ್ ಕಡೆಗೂ ಅದರಿಂದ ದೂರಕ್ಕೂ ಎರಡು ಹರಿವು ಒಟ್ಟಿಗೆ ಕಾಣಬೇಕು. ಮತ್ತೆ ಹಿಂದಕ್ಕೆ ಬಂದು ಸಿಗ್ನಲ್ ಅತಿ ಬಲವಾಗಿರುವ ಆಳದಲ್ಲಿ ನಿಲ್ಲಿಸಿ, ಆ ಆಳವನ್ನು ಬರೆದಿಡಿ. ವಯಸ್ಕರಲ್ಲಿ ಸರಾಸರಿ ವೇಗ ಸೆಕೆಂಡಿಗೆ 60 ಸೆಂ.ಮೀ. ಆಸುಪಾಸು ಇರುತ್ತದೆ. ವಯಸ್ಸಾದಂತೆ ಇಳಿಯುತ್ತದೆ.

ಲೆಕ್ಕ ಸುಲಭ. ಸಿಸ್ಟೋಲಿಕ್ ವೇಗ (ಹೃದಯ ಬಡಿದಾಗಿನ ಅತಿ ಹೆಚ್ಚು) 90, ಡಯಾಸ್ಟೋಲಿಕ್ ವೇಗ (ಬಡಿತಗಳ ನಡುವಿನ ಅತಿ ಕಡಿಮೆ) 40 ಎಂದಿಟ್ಟುಕೊಳ್ಳಿ. ಸರಾಸರಿಗೆ 90ಕ್ಕೆ 40ರ ಎರಡರಷ್ಟು ಕೂಡಿಸಿ 3ರಿಂದ ಭಾಗಿಸಿದರೆ 56.7. ಪಲ್ಸಟಿಲಿಟಿ ಇಂಡೆಕ್ಸ್ ಅಂದರೆ ಎರಡು ವೇಗಗಳ ವ್ಯತ್ಯಾಸವನ್ನು ಸರಾಸರಿಯಿಂದ ಭಾಗಿಸಿದ್ದು, ಇಲ್ಲಿ 0.88. ಅದೇ ವ್ಯಕ್ತಿಗೆ ಆಕ್ಸಿಜನ್ ಶುರುವಾಗಿ ಕಾಲು ಗಂಟೆಯ ಮೇಲೆ 78 ಮತ್ತು 33 ಬಂದರೆ ಸರಾಸರಿ 48, ಇಂಡೆಕ್ಸ್ 0.94. ಇಳಿಕೆ 15 ಶೇಕಡಾ. ಕಾರ್ಬನ್ ಡೈಆಕ್ಸೈಡ್ ಬದಲಾಗಿಲ್ಲದಿದ್ದರೆ ಇದು ಆಕ್ಸಿಜನ್‌ನಿಂದ ಆಗುವ ಇಳಿಕೆಯೇ, ಯೋಚನೆ ಬೇಡ. ಇಂಡೆಕ್ಸ್ 1.2 ದಾಟಿ ಹೋಗುತ್ತಿದ್ದರೆ, ಡಯಾಸ್ಟೋಲಿಕ್ ವೇಗ ಮಾತ್ರ ಕುಸಿಯುತ್ತಿದ್ದರೆ, ಅದು ಬೇರೆ ಕತೆ: ಕಾರ್ಬನ್ ಡೈಆಕ್ಸೈಡ್ ಇಳಿದಿದೆ ಅಥವಾ ತಲೆಯೊಳಗಿನ ಒತ್ತಡ ಏರಿದೆ.

ಟಿಸಿಡಿ ಅಳೆಯುವುದು ವೇಗವನ್ನು, ಹರಿವಿನ ಪ್ರಮಾಣವನ್ನಲ್ಲ. ತೋಟದ ಪೈಪಿನ ಬಾಯಿ ಬೆರಳಿನಿಂದ ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದೆ, ತೊಟ್ಟಿ ಮಾತ್ರ ಬೇಗ ತುಂಬುವುದಿಲ್ಲ. ಧಮನಿಯ ವ್ಯಾಸ 5 ಶೇಕಡಾ ಕುಗ್ಗಿದರೂ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 10 ಶೇಕಡಾ ಕಡಿಮೆಯಾಗುತ್ತದೆ. ವೇಗ ಬದಲಾಗದೆ ನಿಂತಿದ್ದರೂ ಹರಿವು ಅಷ್ಟು ಇಳಿದಿರುತ್ತದೆ. ಹಾಗಾಗಿ ಒಬ್ಬ ರೋಗಿಯ ಸಂಖ್ಯೆಯನ್ನು ಇನ್ನೊಬ್ಬರ ಸಂಖ್ಯೆಯೊಂದಿಗೆ ಹೋಲಿಸಬೇಡಿ. ಅದೇ ರೋಗಿಯ, ಅದೇ ದಿನದ, ಒತ್ತಡ ಏರಿಸುವ ಮುಂಚಿನ ಸಂಖ್ಯೆಯೊಂದಿಗೆ ಹೋಲಿಸಿ.

ಎರಡನೇ ಮಿತಿ ಮೂಳೆಯದು. ಸುಮಾರು ಹತ್ತರಲ್ಲಿ ಒಬ್ಬರಿಗೆ ಕಪಾಲದ ಕಿಟಕಿಯೇ, ಅಂದರೆ ಅಲ್ಟ್ರಾಸೌಂಡ್ ಹಾಯುವಷ್ಟು ತೆಳುವಾದ ಜಾಗವೇ, ಸಿಗುವುದಿಲ್ಲ, ವಯಸ್ಸಾದ ಹೆಂಗಸರಲ್ಲಿ ಇದು ಇನ್ನೂ ಹೆಚ್ಚು. ಚೇಂಬರ್ ಬಾಗಿಲು ಮುಚ್ಚಿದ ಮೇಲೆ ಹುಡುಕುತ್ತಾ ಕೂರದೆ ಹಿಂದಿನ ದಿನವೇ ವಾರ್ಡಿನಲ್ಲಿ ನೋಡಿಕೊಂಡಿರಬೇಕು.

ಒತ್ತಡದಲ್ಲಿ ಏನೇನು ಕೈಕೊಡುತ್ತದೆ ಎಂಬುದೇ ಟಿಸಿಡಿಯ ನಿಜವಾದ ಪಾಠ. ಪ್ರೋಬನ್ನು ತಲೆಗೆ ಬಿಗಿಯುವ ಪಟ್ಟಿಗಳಲ್ಲಿ ಗಾಳಿದಿಂಬು ಅಥವಾ ಮುಚ್ಚಿದ ಕೋಶಗಳ ಫೋಮ್ ಇದ್ದರೆ 2.4 ಎಟಿಎಯಲ್ಲಿ ಅದರೊಳಗಿನ ಗಾಳಿ ಮೊದಲಿನ 42 ಶೇಕಡಾಕ್ಕೆ ಕುಗ್ಗುತ್ತದೆ. ಮೇಲೆ ಬಿಗಿಯಾಗಿದ್ದ ಪಟ್ಟಿ ಒತ್ತಡದಲ್ಲಿ ಸಡಿಲವಾಗಿ ಪ್ರೋಬ್ ಒಂದೆರಡು ಮಿ.ಮೀ. ವಾಲುತ್ತದೆ, ವೇಗ ಇಳಿದಂತೆ ಕಾಣುತ್ತದೆ. ಸರಿಯಾಗಿ ಆಕ್ಸಿಜನ್ ಪರಿಣಾಮ ನಿರೀಕ್ಷಿಸುವ ಹೊತ್ತಿಗೇ ಇದಾಗುವುದರಿಂದ ಮೋಸ ಹೋಗುವುದು ಸುಲಭ. ಗಟ್ಟಿ ಚೌಕಟ್ಟು ಅಥವಾ ಜೆಲ್ ತುಂಬಿದ ದಿಂಬು ಬಳಸಿ. ನಿಜವಾದ ಇಳಿಕೆಗೂ ಜಾರಿದ ಪ್ರೋಬಿಗೂ ವ್ಯತ್ಯಾಸ ಪರದೆಯ ಮೇಲೇ ಇರುತ್ತದೆ: ಹರಿವು ಇಳಿದಾಗ ಅಲೆಯ ಎತ್ತರ ಕಡಿಮೆಯಾದರೂ ಬಣ್ಣ ದಟ್ಟವಾಗಿ, ಅಂಚು ಸ್ಪಷ್ಟವಾಗಿ ಉಳಿಯುತ್ತದೆ, ಪ್ರೋಬ್ ಜಾರಿದಾಗ ಬಣ್ಣ ಮಾಸಿ ಅಂಚು ಹರಿದಂತಾಗುತ್ತದೆ.

ಜೆಲ್ ನೀರು ಆಧಾರಿತವೇ ಆಗಿರಬೇಕು. ಎಣ್ಣೆ, ವ್ಯಾಸಲೀನ್ ಬೆರೆತ ಯಾವುದೂ ಆಕ್ಸಿಜನ್ ಇರುವಲ್ಲಿ ಬೇಡವೇ ಬೇಡ. ಸಿಲಿಂಡರ್‌ನಿಂದ, ಕಂಪ್ರೆಸರ್‌ನಿಂದ ಬರುವ ಗಾಳಿ ಒಣಗಾಳಿ. 90 ನಿಮಿಷದ ಅವಧಿಯಲ್ಲಿ ತೆಳ್ಳಗೆ ಹಚ್ಚಿದ ಜೆಲ್ ಒಣಗಿ ಸಿಗ್ನಲ್ ಸಾಯುತ್ತದೆ. ದಪ್ಪಗೆ ಹಚ್ಚಿ, ಮಲ್ಟಿಪ್ಲೇಸ್ ಆದರೆ ಗಾಳಿ ವಿರಾಮದಲ್ಲಿ (ನಡುನಡುವೆ ಆಕ್ಸಿಜನ್ ನಿಲ್ಲಿಸಿ ಮಾಮೂಲಿ ಗಾಳಿ ಕೊಡುವ ಹೊತ್ತಿನಲ್ಲಿ) ಮತ್ತೊಮ್ಮೆ ಹಚ್ಚಿಸಿ. ಪೆನೆಟ್ರೇಟರ್‌ಗಾಗಿ ಪ್ರೋಬ್ ಕೇಬಲ್ ಉದ್ದ ಮಾಡಿದರೂ ಸಿಗ್ನಲ್ ಸೊರಗುತ್ತದೆ, ಅದಕ್ಕೆ ಯಂತ್ರವನ್ನು ಚೇಂಬರ್ ಗೋಡೆಗೆ ಅಂಟಿದಂತೆಯೇ ಇಡುವುದು ಒಳ್ಳೆಯದು.

ಒತ್ತಡ ಏರಿಸುವ 10–15 ನಿಮಿಷಗಳ ಸಂಖ್ಯೆಗಳನ್ನು ತೀರ್ಮಾನಕ್ಕೆ ಬಳಸಬೇಡಿ. ರೋಗಿ ಕಿವಿ ಬಿಡಿಸಿಕೊಳ್ಳಲು ಮೂಗು ಹಿಡಿದು ಊದುತ್ತಿರುತ್ತಾರೆ. ಪ್ರತಿ ಊದುವಿಕೆಗೂ ಎದೆಯೊಳಗಿನ ಒತ್ತಡ ಏರಿ ಮಿದುಳಿನ ಹರಿವು ಒಂದು ಕ್ಷಣ ಬಿದ್ದು ಏಳುತ್ತದೆ. ಏರಿಸುವ ಮುಂಚೆ ಗಾಳಿಯಲ್ಲಿ 5–10 ನಿಮಿಷ, ಒತ್ತಡ ಸ್ಥಿರವಾದ ಮೇಲೆ ಪ್ರತಿ 10 ನಿಮಿಷಕ್ಕೊಮ್ಮೆ, ಪ್ರತಿ ಗಾಳಿ ವಿರಾಮದ ಕೊನೆಯಲ್ಲಿ ಒಮ್ಮೆ ಬರೆದಿಟ್ಟರೆ ಸಾಕು. ಈ ಗಾಳಿ ವಿರಾಮವೇ ಯಂತ್ರಕ್ಕೆ ಉಚಿತ ಪರೀಕ್ಷೆ. ಮಾಸ್ಕ್ ತೆಗೆದು ಚೇಂಬರ್ ಗಾಳಿ ಉಸಿರಾಡಿದ 5 ನಿಮಿಷದಲ್ಲಿ ವೇಗ ಮೊದಲಿನ ಮಟ್ಟದತ್ತ ಮರಳಬೇಕು. ಮರಳದಿದ್ದರೆ ಮೊದಲು ಪ್ರೋಬ್ ನೋಡಿ, ಆಮೇಲೆ ರೋಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ.

ಗುಳ್ಳೆಗಳನ್ನು ಹಿಡಿಯುವುದರಲ್ಲಿ ಟಿಸಿಡಿಗೆ ಸಾಟಿಯಿಲ್ಲ. ಗುಳ್ಳೆ ಹಾದುಹೋದಾಗ 300 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಿನ, ಹಿನ್ನೆಲೆಗಿಂತ ಕನಿಷ್ಠ 3 ಡೆಸಿಬೆಲ್ ಎತ್ತರದ, ಒಂದೇ ದಿಕ್ಕಿನ ಮಿಂಚು ಕಾಣುತ್ತದೆ, ಜೊತೆಗೆ ಹಕ್ಕಿಯ ಚಿಲಿಪಿಲಿಯಂಥ ಸದ್ದು ಕೇಳುತ್ತದೆ. ರೋಗಿ ಮಾತಾಡಿದರೆ, ದವಡೆ ಕಚ್ಚಿದರೆ ಬರುವ ಸದ್ದು ಎರಡೂ ದಿಕ್ಕಿನಲ್ಲಿ ಹರಡಿರುತ್ತದೆ. ಅದನ್ನು ಗುಳ್ಳೆ ಎಂದು ಎಣಿಸಬಾರದು.

ಕಾರ್ಬನ್ ಡೈಆಕ್ಸೈಡ್ ಅಳೆಯದೆ ಹರಿವು ಅಳೆಯಬೇಡಿ

ಇದನ್ನು ಪ್ರತ್ಯೇಕ ಆಯ್ಕೆ ಎನ್ನುವುದಕ್ಕಿಂತ ಬೇರೆಲ್ಲ ಆಯ್ಕೆಗಳ ಕಡ್ಡಾಯ ಜೊತೆ ಎನ್ನಬೇಕು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ 1 ಮಿ.ಮೀ. ಪಾದರಸ ಇಳಿದರೆ ಮಿದುಳಿನ ಹರಿವು ಸುಮಾರು 3 ಶೇಕಡಾ ಇಳಿಯುತ್ತದೆ. ಹೆದರಿದ ರೋಗಿ ಮಾಸ್ಕ್‌ನೊಳಗೆ ಏದುಸಿರು ಬಿಟ್ಟು ಅದನ್ನು 40ರಿಂದ 36ಕ್ಕೆ ಇಳಿಸಿದರೆ ಹರಿವು 12 ಶೇಕಡಾ ಹೋಯಿತು. ಆಕ್ಸಿಜನ್‌ನಿಂದ ಆಗುವ ಇಳಿಕೆಯೂ ಹೆಚ್ಚುಕಡಿಮೆ ಇಷ್ಟೇ. ಕಾರ್ಬನ್ ಡೈಆಕ್ಸೈಡ್ ಗೊತ್ತಿಲ್ಲದಿದ್ದರೆ ಎರಡನ್ನೂ ಬೇರ್ಪಡಿಸಲು ದಾರಿಯೇ ಇಲ್ಲ.

ಹೊರಗಿಟ್ಟ ಸೈಡ್‌ಸ್ಟ್ರೀಮ್ ಕ್ಯಾಪ್ನೋಗ್ರಾಫ್‌ಗೆ (ಉಸಿರಿನ ಸ್ವಲ್ಪ ಅನಿಲ ಎಳೆದು ಅದರ ಕಾರ್ಬನ್ ಡೈಆಕ್ಸೈಡ್ ಅಳೆಯುವ ಯಂತ್ರಕ್ಕೆ) ಒಳಗಿನಿಂದ ಉಸಿರಿನ ನಳಿಕೆ ತಂದರೆ ಪರದೆಯ ಸಂಖ್ಯೆ ತಪ್ಪಾಗಿರುತ್ತದೆ, ತಪ್ಪು ಎಷ್ಟು ಎಂಬುದು ಮಾತ್ರ ಮೊದಲೇ ಗೊತ್ತಿರುತ್ತದೆ. ಒಳಗೆ ರೋಗಿಯ ಉಸಿರಿನಲ್ಲಿ 38 ಮಿ.ಮೀ. ಇದೆ ಎನ್ನಿ. 2.4 ಎಟಿಎಯಲ್ಲಿ ಅದು ಒಟ್ಟು ಅನಿಲದ ಸುಮಾರು 2.1 ಶೇಕಡಾ ಮಾತ್ರ. ಆ ಅನಿಲ ಹೊರಗೆ ಬಂದು 1 ಎಟಿಎಗೆ ಹಿಗ್ಗಿದಾಗ ಯಂತ್ರ ತೋರಿಸುವುದು ಸುಮಾರು 16 ಮಿ.ಮೀ. ಅದನ್ನು 2.4ರಿಂದ ಗುಣಿಸಿದರೆ 38 ಬರುತ್ತದೆ. ಚೇಂಬರ್ ಒತ್ತಡ ಬದಲಾದಂತೆ ಗುಣಕವೂ ಬದಲಾಗಬೇಕು. ಈ ಲೆಕ್ಕ ಗೊತ್ತಿಲ್ಲದ ಹೊಸಬರು 16 ನೋಡಿ ರೋಗಿ ವಿಪರೀತ ಉಸಿರಾಡುತ್ತಿದ್ದಾರೆಂದು ವೆಂಟಿಲೇಟರ್ ಕಡಿಮೆ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಏರಿ, ಮಿದುಳಿನ ಹರಿವು ಏರಿ, ಆಕ್ಸಿಜನ್ ವಿಷತ್ವದ ಅಪಾಯವೂ ಏರುತ್ತದೆ. ಒಂದೊಂದು ಒತ್ತಡಕ್ಕೂ ಸರಿಪಡಿಸಿದ ಸಂಖ್ಯೆಯ ಚಾರ್ಟ್ ಬರೆದು ಯಂತ್ರದ ಮೇಲೇ ಅಂಟಿಸಿಡಿ. ನಳಿಕೆಯಲ್ಲಿ ಸೂಜಿ ಕವಾಟ ಹಾಕಿ, ಯಂತ್ರ ತಾನಾಗಿ ಎಳೆಯುವಷ್ಟೇ ಅನಿಲ ಹೊರಬರುವಂತೆ ಹಿಡಿಯಿರಿ. ಕವಾಟ ಇಲ್ಲದಿದ್ದರೆ ಚೇಂಬರ್ ಒತ್ತಡವೇ ನುಗ್ಗಿ ಯಂತ್ರ ಕೆಡುತ್ತದೆ.

ಗಾಯದ ಸುತ್ತಲಿನ ಆಕ್ಸಿಜನ್ ನೋಡಲು ಚರ್ಮದ ಮೇಲೆ ಅಂಟಿಸುವ ಟಿಸಿಓಎಂ ಯಂತ್ರ ಹಲವು ಕೇಂದ್ರಗಳಲ್ಲಿ ಈಗಾಗಲೇ ಇರುತ್ತದೆ. ಅದರಲ್ಲೇ ಕಾರ್ಬನ್ ಡೈಆಕ್ಸೈಡ್ ಅಳೆಯುವ ಮಾದರಿಗಳೂ ಇವೆ. ಒಂದೆರಡು ನಿಮಿಷ ತಡವಾಗಿ ತೋರಿಸುತ್ತದೆ, ಆದರೆ ನೇರವಾಗಿ ಕಾರ್ಬನ್ ಡೈಆಕ್ಸೈಡ್‌ನ ಒತ್ತಡವನ್ನೇ ಅಳೆಯುವುದರಿಂದ ಗುಣಾಕಾರದ ತಲೆನೋವಿಲ್ಲ. ಟ್ಯೂಬ್ ಹಾಕಿರದ ರೋಗಿಗೆ ನಾವು ಇದನ್ನೇ ಹೇಳುತ್ತೇವೆ.

ನಿಯರ್ ಇನ್‌ಫ್ರಾರೆಡ್: ಹರಿವು ಇಳಿದಾಗ ಏರುವ ಸಂಖ್ಯೆ

ಎನ್‌ಐಆರ್‌ಎಸ್ (ನಿಯರ್ ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ) ಸೆನ್ಸರನ್ನು ಹಣೆಗೆ ಅಂಟಿಸಿದರೆ ಆಯಿತು, ಕಿಟಕಿ ಹುಡುಕಬೇಕಿಲ್ಲ, ನುರಿತ ಕೈ ಬೇಕಿಲ್ಲ. ಈ ಸೌಕರ್ಯಕ್ಕೇ ಇದು ಜನಪ್ರಿಯ. 1977ರಲ್ಲಿ ಫ್ರಾನ್ಸ್ ಯೋಬ್ಸಿಸ್ ತೋರಿಸಿದ ತತ್ತ್ವದ ಮೇಲೆ ನಡೆಯುವ ಈ ಯಂತ್ರ ಕೆಂಪಿನಾಚೆಯ ಬೆಳಕನ್ನು ಹಣೆಯ ಮೂಲಕ ಹಾಯಿಸಿ, ಮರಳಿ ಬಂದ ಬೆಳಕಿನಿಂದ ಅಲ್ಲಿನ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಎಂದು ಶೇಕಡಾದಲ್ಲಿ ಹೇಳುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ 60ರಿಂದ 75 ಸಾಮಾನ್ಯ. ಮೊದಲಿನ ಮಟ್ಟಕ್ಕಿಂತ 20 ಶೇಕಡಾ ಇಳಿದರೆ ಎಚ್ಚರಿಕೆ.

ಚೇಂಬರ್‌ನಲ್ಲಿ ಈ ನಿಯಮ ನಡೆಯುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಹಿಮೋಗ್ಲೋಬಿನ್ 15 ಗ್ರಾಂ ಇರುವವರ 100 ಮಿ.ಲೀ. ರಕ್ತ ಪೂರ್ತಿ ತುಂಬಿದಾಗ 20 ಮಿ.ಲೀ. ಆಕ್ಸಿಜನ್ ಹೊರುತ್ತದೆ. ಮಿದುಳು ಅದರಿಂದ ಸುಮಾರು 6.5 ಮಿ.ಲೀ. ತೆಗೆದುಕೊಳ್ಳುತ್ತದೆ. ಹರಿವು 20 ಶೇಕಡಾ ಇಳಿದರೆ ಅದೇ ಅಗತ್ಯಕ್ಕೆ ಪ್ರತಿ 100 ಮಿ.ಲೀ.ನಿಂದ 8 ಮಿ.ಲೀ. ತೆಗೆಯಬೇಕು. 2.4 ಎಟಿಎಯಲ್ಲಿ ಕರಗಿದ ಆಕ್ಸಿಜನ್ ಸುಮಾರು 4.5 ಮಿ.ಲೀ. ಸೇರಿ ಒಟ್ಟು 24.5, ಅದರಿಂದ 8 ಕಳೆದರೆ ಉಳಿದದ್ದು 16.5, ಅಂದರೆ ಮಿದುಳಿನಿಂದ ಹೊರಬರುವ ಸಿರೆಯ ರಕ್ತ 80 ಶೇಕಡಾಕ್ಕೂ ಹೆಚ್ಚು ತುಂಬಿದೆ. ಹೊರಗೆ ಗಾಳಿಯಲ್ಲಿ ಅದು 65 ಆಸುಪಾಸು ಇರುತ್ತದೆ. ಸೆನ್ಸರ್ ನೋಡುವ ರಕ್ತದಲ್ಲಿ ಮುಕ್ಕಾಲು ಭಾಗ ಸಿರೆಯದೇ ಆದ್ದರಿಂದ ಪರದೆಯ ಸಂಖ್ಯೆ 85 ದಾಟುತ್ತದೆ. ಹರಿವು ಐದನೇ ಒಂದು ಪಾಲು ಬಿದ್ದಿದೆ, ಸಂಖ್ಯೆ ಮೇಲೆ ಹೋಗಿದೆ! 3 ಎಟಿಎಯಲ್ಲಿ ಅದು 90 ದಾಟಿ ಕೆಲವು ಯಂತ್ರಗಳ ಮೇಲಿನ ಮಿತಿಯಾದ 95ರ ಹತ್ತಿರ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹರಿವು ಏರಿದರೂ ಇಳಿದರೂ ಅದು ಅಷ್ಟಾಗಿ ಅಲ್ಲಾಡುವುದಿಲ್ಲ.

ಆದ್ದರಿಂದ ಒತ್ತಡದಲ್ಲಿ ಎನ್‌ಐಆರ್‌ಎಸ್ ಹರಿವಿನ ಮಾಪಕವಲ್ಲ. ಹಾಗೆಂದು ಮೂಲೆಗೆ ಹಾಕಬೇಕಿಲ್ಲ. ಎಡ ಬಲ ಎರಡೂ ಹಣೆಗೆ ಅಂಟಿಸಿದರೆ ಒಂದು ಬದಿ ಮಾತ್ರ ಏರದೆ ಉಳಿಯುವುದು ಬೆಲೆಯುಳ್ಳ ಸುಳಿವು. ಮಾಸ್ಕ್ ಸೋರುತ್ತಿದ್ದರೆ ಸಂಖ್ಯೆ ಏರುವುದಿಲ್ಲ, ಹಾಗಾಗಿ ಮಿದುಳಿಗೆ ಆಕ್ಸಿಜನ್ ನಿಜವಾಗಿ ತಲುಪುತ್ತಿದೆಯೇ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಗಾಳಿ ವಿರಾಮದಲ್ಲಿ ಎಷ್ಟು ಬೇಗ ಇಳಿಯುತ್ತದೆ ಎಂಬುದೂ ಉಪಯುಕ್ತ. ಕೊಳ್ಳುವುದಾದರೆ ಬೆಳಕನ್ನು ಆಪ್ಟಿಕಲ್ ಫೈಬರ್ ಮೂಲಕ ತರುವ ಮಾದರಿ ಹುಡುಕಿ, ಆಗ ವಿದ್ಯುತ್ ಚೇಂಬರ್ ಹೊರಗೇ ಉಳಿಯುತ್ತದೆ. ಸೆನ್ಸರ್‌ನಲ್ಲೇ ಎಲ್‌ಇಡಿ ಇರುವವು ಮೊನೊಪ್ಲೇಸ್‌ಗೆ ತಕ್ಕವಲ್ಲ.

ಒಂದು ಕಡೆ ಮಾತ್ರ ಎನ್‌ಐಆರ್‌ಎಸ್ ನಂಬಲೇಬಾರದು. ಕಾರ್ಬನ್ ಮಾನಾಕ್ಸೈಡ್ ವಿಷ. ನಮ್ಮಲ್ಲಿ ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ ಪ್ರಜ್ಞೆ ತಪ್ಪಿ ಬರುವವರು ಈ ಗುಂಪಿಗೆ ಸೇರುತ್ತಾರೆ. ಎರಡೇ ತರಂಗಾಂತರ ಬಳಸುವ ಯಂತ್ರಕ್ಕೆ ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಬೇರೆಯಾಗಿ ಕಾಣುವುದಿಲ್ಲ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಸುಳ್ಳು ಹೇಳುವುದೂ ಇದೇ ಕಾರಣಕ್ಕೆ. ಅಲ್ಲಿ ಬೇಕಿರುವುದು ಕಾರ್ಬನ್ ಮಾನಾಕ್ಸೈಡ್ ಅಂಟಿದ ಪಾಲನ್ನು ಬೇರೆಯಾಗಿ ಅಳೆಯುವ ಕೋ ಆಕ್ಸಿಮೀಟರ್‌ನಲ್ಲಿ ರಕ್ತ ಪರೀಕ್ಷೆ, ಆಮೇಲೆ ತಡಮಾಡದೆ ಚೇಂಬರ್.

ತಲೆಗೆ ಪೆಟ್ಟಾಗಿ ವೆಂಟಿಲೇಟರ್‌ನಲ್ಲಿರುವವರಿಗೆ

ಕಪಾಲದೊಳಗೆ ಈಗಾಗಲೇ ಒತ್ತಡದ ಕ್ಯಾಥೆಟರ್ ಅಥವಾ ಮಿದುಳಿನ ಆಕ್ಸಿಜನ್ ಪ್ರೋಬ್ ಹಾಕಿದ್ದರೆ ಅದನ್ನೇ ಬಳಸಿ. ಹೈಪರ್‌ಬ್ಯಾರಿಕ್ ಚಿಕಿತ್ಸೆಗೆಂದೇ ಹೊಸದಾಗಿ ತೂತು ಕೊರೆಯುವುದು ಸಂಶೋಧನೆಯ ಹೊರಗೆ ಸಮರ್ಥನೀಯವಲ್ಲ. ಈ ದಾರಿಯಲ್ಲಿ ಹೆಚ್ಚು ಕೆಲಸ ಆಗಿರುವುದು ಅಮೆರಿಕದ ಮಿನಿಯಾಪೊಲಿಸ್‌ನ ಹೆನೆಪಿನ್ ಕೌಂಟಿ ಆಸ್ಪತ್ರೆಯಲ್ಲಿ. ರಾಕ್ಸ್‌ವೋಲ್ಡ್ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ ತೀವ್ರ ಪೆಟ್ಟಿನ 69 ರೋಗಿಗಳಿದ್ದರು, 1.5 ಎಟಿಎಯಲ್ಲಿ 60 ನಿಮಿಷ ಕೊಟ್ಟಾಗ ಮಿದುಳಿನ ಅಂಗಾಂಶದ ಆಕ್ಸಿಜನ್ 200 ಮಿ.ಮೀ. ದಾಟಿತ್ತು. ಐಸಿಯುನಲ್ಲಿ ನಾವು 20ಕ್ಕಿಂತ ಇಳಿಯದಂತೆ ಕಾಯುವ ಸಂಖ್ಯೆ ಇದು ಎಂದರೆ ಅಂತರ ಗೊತ್ತಾಗುತ್ತದೆ. ನಿಮ್ಮ ಯಂತ್ರ ಅಷ್ಟು ಎತ್ತರದ ಸಂಖ್ಯೆ ತೋರಿಸಬಲ್ಲುದೇ ಎಂದು ಮೊದಲೇ ಕೈಪಿಡಿ ನೋಡಿ. ಈ ಪ್ರೋಬ್ ಕೂಡ ಹರಿವನ್ನು ಹೇಳುವುದಿಲ್ಲ, ತನ್ನ ಸುತ್ತಲ ಕೆಲವು ಮಿ.ಮೀ. ಜಾಗದ ಆಕ್ಸಿಜನ್ ಮಾತ್ರ ಹೇಳುತ್ತದೆ. ಅದರ ಜೊತೆಗೆ ಟಿಸಿಡಿ ಇದ್ದರೆ ಚಿತ್ರ ಪೂರ್ಣವಾಗುತ್ತದೆ.

ತಲೆಯೊಳಗಿನ ಒತ್ತಡ ಅಳೆಯುವ ದ್ರವ ತುಂಬಿದ ಕೊಳವೆಯಲ್ಲಿ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಒತ್ತಡ ಏರಿದಾಗ ಅದು ಕುಗ್ಗಿ, ಇಳಿದಾಗ ಹಿಗ್ಗಿ ಅಲೆಯನ್ನು ಹಾಳುಮಾಡುತ್ತದೆ. ಟ್ರಾನ್ಸ್‌ಡ್ಯೂಸರನ್ನು ಕಿವಿಯ ಮಟ್ಟಕ್ಕೆ ಇಟ್ಟು, ಒತ್ತಡ ಸ್ಥಿರವಾದ ಮೇಲೆ ಚೇಂಬರ್ ಗಾಳಿಗೇ ಮತ್ತೊಮ್ಮೆ ಸೊನ್ನೆ ಮಾಡಿ. ಮಿದುಳಿನ ದ್ರವ ಹೊರಬಿಡುವ ಡ್ರೈನ್ ಇದ್ದರೆ ಏರಿಸುವಾಗ, ಇಳಿಸುವಾಗ ಮುಚ್ಚಿಟ್ಟು ನಡುವೆ ತೆರೆಯಿರಿ, ಮುಚ್ಚಿರುವಷ್ಟೂ ಹೊತ್ತು ಒತ್ತಡದ ಸಂಖ್ಯೆಯಿಂದ ಕಣ್ಣು ತೆಗೆಯಬೇಡಿ. ಉಸಿರಿನ ಟ್ಯೂಬಿನ ಕಫ್‌ಗೆ ಗಾಳಿಯ ಬದಲು ಸಲೈನ್ ತುಂಬಿ. ಗಾಳಿ ಇದ್ದರೆ ಒತ್ತಡದಲ್ಲಿ ಕಫ್ ಕುಗ್ಗಿ ಸೋರಿ, ವೆಂಟಿಲೇಷನ್ ಕುಸಿದು, ಕಾರ್ಬನ್ ಡೈಆಕ್ಸೈಡ್ ಏರಿ, ಎಲ್ಲ ಅಳತೆಯೂ ಕೆಡುತ್ತದೆ.

ಉಳಿದವು

ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿ ಹರಿವನ್ನು ತೋರಿಸುವುದಿಲ್ಲ, ಅಪಸ್ಮಾರವನ್ನು ತೋರಿಸುತ್ತದೆ. ಸ್ನಾಯು ಸಡಿಲಿಸುವ ಔಷಧ ಕೊಟ್ಟ ರೋಗಿಗೆ ಮೈ ನಡುಗುವುದು ಕಾಣದ ಕಾರಣ ಅಲ್ಲಿ ಇದು ಬೇಕೇ ಬೇಕು. ಎಚ್ಚರವಿರುವ ರೋಗಿಗೆ ಬೇಡ. ಆಕ್ಸಿಜನ್ ವಿಷತ್ವದ ಸೆಳೆತಕ್ಕೆ ಮುನ್ನ ಇಇಜಿ ನೆಚ್ಚಿಕೊಳ್ಳುವಂಥ ಮುನ್ಸೂಚನೆ ಕೊಡುವುದಿಲ್ಲ, ರೋಗಿಯ ತುಟಿಯ ಅದುರು, ವಾಕರಿಕೆ, ಕಿವಿಯಲ್ಲಿ ಗುಂಯ್‌ಗುಡುವಿಕೆ, ನೋಟ ಕಿರಿದಾಗುವುದು ಇವನ್ನು ಗಮನಿಸುವ ಅಟೆಂಡೆಂಟ್ ಅದಕ್ಕಿಂತ ಉಪಯೋಗಿ.

ವಿಕಿರಣ ಔಷಧ ಚುಚ್ಚಿ ಚಿತ್ರ ತೆಗೆಯುವ ಸ್ಪೆಕ್ಟ್ ಸ್ಕ್ಯಾನರ್ ಚೇಂಬರ್ ಒಳಗೆ ಹೋಗದು, ಆದರೆ ಟೆಕ್ನೀಷಿಯಂ ಎಚ್‌ಎಂಪಿಎಓ ಎಂಬ ವಿಕಿರಣ ಔಷಧಕ್ಕೆ ಒಂದು ವಿಶೇಷ ಗುಣ ಇದೆ. ಚುಚ್ಚಿದ ಒಂದೆರಡು ನಿಮಿಷದಲ್ಲಿ ಹರಿವಿಗೆ ತಕ್ಕಂತೆ ಮಿದುಳಿನಲ್ಲಿ ಹಂಚಿಹೋಗಿ ಅಲ್ಲೇ ನಿಂತುಬಿಡುತ್ತದೆ. ಒತ್ತಡದಲ್ಲಿರುವಾಗ ಚುಚ್ಚಿ, ಹೊರಬಂದ ಮೇಲೆ ಸ್ಕ್ಯಾನ್ ಮಾಡಿದರೂ ಕಾಣುವುದು ಒತ್ತಡದಲ್ಲಿದ್ದಾಗಿನ ಹಂಚಿಕೆ. ಸಂಶೋಧನೆಗೆ ಚೆನ್ನ, ದಿನನಿತ್ಯಕ್ಕಲ್ಲ. ಎಂಆರ್‌ಐನ ಎಎಸ್‌ಎಲ್ ವಿಧಾನ ಚಿಕಿತ್ಸೆಯ ಮುಂಚೆ ಮತ್ತು ನಂತರದ ಹರಿವು ತೋರಿಸುತ್ತದೆ, ನಡುವೆ ಆದದ್ದರ ಬಗ್ಗೆ ಅದಕ್ಕೆ ಗೊತ್ತಿಲ್ಲ.

ಇಂಥ ಬಣ್ಣದ ಚಿತ್ರಗಳನ್ನು ಜಾಹೀರಾತಿಗೆ ಬಳಸುವ ಕೇಂದ್ರಗಳಿಂದ ದೂರವಿರಿ. ಆಟಿಸಂ, ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಮುಂತಾದವಕ್ಕೆ ಹೈಪರ್‌ಬ್ಯಾರಿಕ್ ಪರಿಹಾರ ಎಂದು ನಂಬಿಸುವವರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಎಚ್ಚರಿಸಿತ್ತು. 1.3 ಎಟಿಎಯ ಮೆತ್ತನೆಯ ಗುಡಾರದಂಥ ಚೇಂಬರ್‌ಗಳು ಅಮೆರಿಕದ ಹೈಪರ್‌ಬ್ಯಾರಿಕ್ ವೈದ್ಯರ ಸಂಘ ಯುಎಚ್‌ಎಂಎಸ್ ಹೇಳುವ 1.4 ಎಟಿಎ ಕನಿಷ್ಠ ಮಟ್ಟವನ್ನೇ ಮುಟ್ಟುವುದಿಲ್ಲ. ಮಗುವಿನ ತಂದೆತಾಯಿ ಸಾಲ ಮಾಡಿ ಇದಕ್ಕೆ ದುಡ್ಡು ಸುರಿಯುವುದನ್ನು ತಡೆಯುವುದು ಈ ಕ್ಷೇತ್ರದಲ್ಲಿರುವ ಎಲ್ಲರ ಹೊಣೆ.

ಯಾರಿಗೆ ಏನು

ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ವಿಕಿರಣದಿಂದಾದ ಗಾಯ ಇಂಥವಕ್ಕೆ 2.0–2.4 ಎಟಿಎಯಲ್ಲಿ ಬರುವ, ಎಚ್ಚರವಿರುವ ರೋಗಿಗಳಿಗೆ ಮಿದುಳಿನ ಮಾನಿಟರ್ ಬೇಕಿಲ್ಲ. ಗಾಳಿ ವಿರಾಮ, ಚೇಂಬರ್ ಏರುವ ಮುನ್ನ ರಕ್ತದ ಸಕ್ಕರೆ ಮತ್ತು ಜ್ವರದ ಪರೀಕ್ಷೆ, ಎಚ್ಚರಿಕೆಯ ಕಣ್ಣು ಸಾಕು. ಆ ಹಣವನ್ನು ಅಟೆಂಡೆಂಟ್ ತರಬೇತಿಗೆ ಹಾಕಿ.

ಮುಳುಗುಗಾರರಿಗೆ, ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಮೇಲೆ ಬಂದವರಿಗಾಗಲಿ ನೌಕಾಪಡೆಯವರಿಗಾಗಲಿ, ಗಾಳಿಗುಳ್ಳೆಯ ಅನುಮಾನ ಬಂದರೆ ಮೊದಲು ಚೇಂಬರ್, ಮಾನಿಟರ್ ಆಮೇಲೆ. ಟಿಸಿಡಿ ಹುಡುಕಲು ಹತ್ತು ನಿಮಿಷ ಕಳೆಯುವುದು ಕೂಡ ತಪ್ಪು. ಅಮೆರಿಕ ನೌಕಾಪಡೆಯ ಟೇಬಲ್ 6 ಎಂಬ ಚಿಕಿತ್ಸಾ ವೇಳಾಪಟ್ಟಿ ಬಳಸುವ ಕಡೆ 2.8 ಎಟಿಎಯಲ್ಲಿ 20 ನಿಮಿಷ ಆಕ್ಸಿಜನ್, 5 ನಿಮಿಷ ಗಾಳಿ ಎಂಬ ಸುತ್ತುಗಳಿರುತ್ತವೆ. ಮೊದಲ ಗಾಳಿ ವಿರಾಮದಲ್ಲಿ ಪ್ರೋಬ್ ಹಾಕಿಕೊಳ್ಳಬಹುದು. ಪ್ರಜ್ಞೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ರೋಗಿಗೆ ಟಿಸಿಡಿ ಮತ್ತು ಕ್ಯಾಪ್ನೋಗ್ರಾಫ್. ತಲೆಪೆಟ್ಟಿನ ರೋಗಿಗೆ ಇರುವ ಕ್ಯಾಥೆಟರ್, ಟಿಸಿಡಿ, ಕ್ಯಾಪ್ನೋಗ್ರಾಫ್ ಮೂರೂ, ಮಲ್ಟಿಪ್ಲೇಸ್‌ನಲ್ಲಿ ಮಾತ್ರ. ಕಪಾಲದ ಕಿಟಕಿ ಸಿಗದವರಿಗೆ ಎರಡು ಬದಿಯ ಎನ್‌ಐಆರ್‌ಎಸ್, ಅದರ ಮಿತಿ ಗೊತ್ತಿಟ್ಟುಕೊಂಡು.

ಸಂಖ್ಯೆ ಬದಲಾದಾಗ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟಿರಬೇಕು. ನಾವು ಹಿಡಿಯುವ ಕ್ರಮ ಇದು. ವೇಗ ಮೂಲಮಟ್ಟಕ್ಕಿಂತ 30 ಶೇಕಡಾಕ್ಕೂ ಹೆಚ್ಚು ಇಳಿದರೆ ಪ್ರೋಬ್, ಕಾರ್ಬನ್ ಡೈಆಕ್ಸೈಡ್, ರಕ್ತದೊತ್ತಡ ಇದೇ ಅನುಕ್ರಮದಲ್ಲಿ ನೋಡಿ. ಇಳಿದಿದ್ದ ವೇಗ, ಕಾರ್ಬನ್ ಡೈಆಕ್ಸೈಡ್ ಮತ್ತು ರಕ್ತದೊತ್ತಡ ಬದಲಾಗದಿದ್ದರೂ, ಆಕ್ಸಿಜನ್ ಮೇಲಿರುವಾಗಲೇ ಮೂಲಮಟ್ಟಕ್ಕೆ ಮರಳಿದರೆ ಅಥವಾ ದಾಟಿದರೆ ನಿಗದಿತ ಹೊತ್ತಿಗೆ ಕಾಯದೆ ಗಾಳಿ ವಿರಾಮ ಕೊಡಿ. ಹೆಚ್ಚಿನ ಒತ್ತಡದ ಆಕ್ಸಿಜನ್‌ನಲ್ಲಿಟ್ಟ ಪ್ರಾಣಿಗಳಲ್ಲಿ ಸೆಳೆತಕ್ಕೆ ಮುನ್ನ ಕುಗ್ಗಿದ್ದ ಧಮನಿಗಳು ಹಿಗ್ಗಿ ಹರಿವು ಏರುವುದು ಕಂಡಿದೆ. ಹರಿವು ಏರಿದಷ್ಟೂ ಮಿದುಳಿಗೆ ತಲುಪುವ ಆಕ್ಸಿಜನ್ ವಿಪರೀತವಾಗುತ್ತದೆ. ಐದು ನಿಮಿಷದ ವಿರಾಮದಿಂದ ಚಿಕಿತ್ಸೆಗೆ ನಷ್ಟವೇನಿಲ್ಲ.

ಅಷ್ಟಾಗಿಯೂ ಸೆಳೆತ ಬಂದರೆ ಮಲ್ಟಿಪ್ಲೇಸ್‌ನಲ್ಲಿ ತಕ್ಷಣ ಮಾಸ್ಕ್ ತೆಗೆದು ಚೇಂಬರ್ ಗಾಳಿ ಕೊಡಿ, ಒತ್ತಡವನ್ನು ಇದ್ದಲ್ಲೇ ನಿಲ್ಲಿಸಿ. ಮೈ ಸೆಟೆದಿರುವಾಗ ಗಂಟಲು ಮುಚ್ಚಿರುತ್ತದೆ, ಆಗ ಒತ್ತಡ ಇಳಿಸಿದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಹರಿದು, ಚಿಕಿತ್ಸೆಗೆ ಬಂದವರಿಗೇ ಮಿದುಳಿನ ಗಾಳಿಗುಳ್ಳೆ ಆಗಬಹುದು. ಮೊನೊಪ್ಲೇಸ್‌ನಲ್ಲಿಯೂ ಸೆಟೆತ ಬಿಟ್ಟು ಉಸಿರು ಸರಾಗವಾಗುವವರೆಗೆ ಇಳಿಸುವಂತಿಲ್ಲ. ಅಮೆರಿಕ ನೌಕಾಪಡೆಯ ಟೇಬಲ್‌ಗಳಲ್ಲಿ ಸೆಳೆತಕ್ಕಿಂತ ಸೌಮ್ಯವಾದ ಲಕ್ಷಣ ಮೊದಲ ಸಲ ಬಂದಿದ್ದರೆ ಅದು ಪೂರ್ತಿ ನಿಂತ ಮೇಲೆ 15 ನಿಮಿಷ ಕಾದು, ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದ ಮುಂದುವರಿಸುತ್ತಾರೆ; ಸೆಳೆತವೇ ಬಂದಿದ್ದರೆ ಮೈ ಪೂರ್ತಿ ಸಡಿಲಗೊಂಡು ಉಸಿರು ಸರಾಗವಾದ ಮೇಲೆ ಒತ್ತಡವನ್ನು 10 ಅಡಿ ನೀರಿನಷ್ಟು ನಿಧಾನವಾಗಿ ಇಳಿಸಿ, ಅಲ್ಲಿ ಮತ್ತೆ ಆಕ್ಸಿಜನ್ ಶುರುಮಾಡುತ್ತಾರೆ. ಹಾಗೆ ಮತ್ತೆ ಆಕ್ಸಿಜನ್ ಕೊಡುವ ಮೊದಲು ಟಿಸಿಡಿ ಪ್ರೋಬನ್ನು ಹೊಸದಾಗಿ ಹೊಂದಿಸಿ, ಹೊಸ ಮೂಲಮಟ್ಟ ಬರೆದುಕೊಳ್ಳಿ; ಸೆಳೆತದಲ್ಲಿ ತಲೆ ಹೊರಳಿದ ಮೇಲೆ ಹಳೆಯ ಸಂಖ್ಯೆಯೊಂದಿಗೆ ಹೋಲಿಸುವಂತಿಲ್ಲ.